ಹಳೆಯ ಕಾರಿಗೆ ಎಚ್‌ಎಸ್‌ಆರ್‌ಪಿ: ಬಂಪರಿಗೆ ತೂತು ಕೊರೆಯದೆ ಕೂರಿಸುವ ಬಗೆ

ಎಚ್‌ಎಸ್‌ಆರ್‌ಪಿ (ಸರ್ಕಾರ ಕಡ್ಡಾಯ ಮಾಡಿರುವ ಅತಿ ಸುರಕ್ಷತೆಯ ನಂಬರ್ ಪ್ಲೇಟ್) ಹಾಕಲು ಬರುವ ಹುಡುಗರ ಚೀಲದಿಂದ ಮೊದಲು ಹೊರಬರುವುದು ಡ್ರಿಲ್ ಮಷೀನ್. ಅವರನ್ನು ದೂರಿ ಫಲವಿಲ್ಲ. ದಿನವಿಡೀ ಅವರು ಪ್ಲೇಟ್ ಹಾಕುವುದು ಪ್ಲಾಸ್ಟಿಕ್ ಬಂಪರಿನ ಕಾರುಗಳಿಗೆ. ಅಲ್ಲಿ ಪ್ಲೇಟಿನ ಜಾಗವನ್ನು ಕಾರ್ಖಾನೆಯಲ್ಲೇ ಬಿಟ್ಟಿರುತ್ತಾರೆ. ತೂತು ತಪ್ಪಿದರೂ ಯಾರಿಗೂ ಕಾಣುವುದಿಲ್ಲ. ನನ್ನದು 1970ರ ಫಿಯೆಟ್ 1100 ಡಿಲೈಟ್. ಬಂಪರ್ ಉಕ್ಕಿನದು, ಮೇಲೆ ಕ್ರೋಮ್ ಲೇಪ. ಕ್ರೋಮ್ ಲೇಪಕ್ಕೆ ತೂತು ಬಿದ್ದರೆ ಅದರ ಅಂಚಿನ ಬರಿ ಉಕ್ಕಿಗೆ ನೀರು ತಗಲುತ್ತದೆ, ತುಕ್ಕು ಒಳಗಿಂದ ಹರಡಿ ಲೇಪವನ್ನು ಹೊಪ್ಪಳೆಯಂತೆ ಎಬ್ಬಿಸುತ್ತದೆ. ಆಮೇಲೆ ಇಡೀ ಬಂಪರ್ ಬಿಚ್ಚಿ, ಉಜ್ಜಿಸಿ, ಮತ್ತೆ ಕ್ರೋಮ್ ಮಾಡಿಸಬೇಕು.

ಆದ್ದರಿಂದ ನನ್ನ ಪದ್ಧತಿ ಒಂದೇ. ಪ್ಲೇಟ್ ನಿಯಮ ಹೇಳುವಂತೆಯೇ ಇರಲಿ, ಕಾರಿನ ಮೈಗೆ ಹೊಸ ತೂತು ಬೀಳದಿರಲಿ. ಇವೆರಡರ ನಡುವೆ ಒಂದು ಹಿಂಬದಿ ತಗಡು ಬರಲಿ. ಕೊರೆಯುವುದು, ಬೆಸೆಯುವುದು, ಕತ್ತರಿಸುವುದು ಏನಿದ್ದರೂ ಆ ತಗಡಿನ ಮೇಲೆ. ನಾನು ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಟೂಲ್ ರೂಮಿನಲ್ಲಿ, ಅಂದರೆ ಉಪಕರಣ ತಯಾರಿಸುವ ವಿಭಾಗದಲ್ಲಿ, ದುಡಿದು ನಿವೃತ್ತನಾದವನು. ಅಳತೆಯ ವಿಷಯದಲ್ಲಿ ಹಟ ಜಾಸ್ತಿ ಎಂಬುದು ಮನೆಯವರ ದೂರು. ಆ ಹಟ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕಪ್ಪು ಪ್ಲೇಟಿನ ಆಸೆ

ಹಳೆಯ ಕಾರಿನವರು ಸೇರಿದಲ್ಲೆಲ್ಲ ಏಳುವ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಹಳೆಯ ಗಾಡಿಗೆ ಕಪ್ಪು ಹಲಗೆ, ಬಿಳಿ ಅಕ್ಷರವೇ ಒಪ್ಪುತ್ತದೆ, ಅದನ್ನೇ ಉಳಿಸಿಕೊಳ್ಳಬಾರದೇ? ಒಪ್ಪುತ್ತದೆ ನಿಜ. ನನ್ನ ಕಾರಿನ ಮೂಲ ಪ್ಲೇಟ್ ಬ್ರಷ್ಷಿನಲ್ಲಿ ಬರೆಸಿದ್ದು. ಅದರಲ್ಲಿನ ಎಂಟರ ಮೇಲಿನ ಸುತ್ತು ಕೆಳಗಿನದಕ್ಕಿಂತ ತುಸು ಚಿಕ್ಕದು, ಬಣ್ಣ ಮುಗಿಯುತ್ತಾ ಬಂದಲ್ಲಿ ಬ್ರಷ್ಷಿನ ಕೂದಲಿನ ಗೆರೆ ಎದ್ದು ಕಾಣುತ್ತದೆ. ಅಂಥ ಕೈಬರಹ ಈಗ ಹಣ ಕೊಟ್ಟರೂ ಸಿಗುವುದು ಕಷ್ಟ. ಆದರೆ ರಸ್ತೆಗೆ ಅದು ನಡೆಯುವುದಿಲ್ಲ. ಖಾಸಗಿ ಕಾರುಗಳಿಗೆ ಕಪ್ಪು ಹಲಗೆಯ ಕಾಲ 2000ದ ದಶಕದ ಆರಂಭಕ್ಕೇ ಮುಗಿಯಿತು. ಈಗ ಖಾಸಗಿ ವಾಹನಕ್ಕೆ ಬಿಳಿ ಹಲಗೆ, ಕಪ್ಪು ಅಕ್ಷರ. ಬಾಡಿಗೆ ವಾಹನಕ್ಕೆ ಹಳದಿ ಹಲಗೆ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಕಂಡರೆ ಅದು ನಾವೇ ಓಡಿಸಲು ಬಾಡಿಗೆಗೆ ಸಿಗುವ ಕಾರು.

ಇಂಗ್ಲೆಂಡಿನಲ್ಲಿ 1980ಕ್ಕಿಂತ ಮೊದಲು ತಯಾರಾಗಿ ಐತಿಹಾಸಿಕ ವಾಹನವೆಂದು ದಾಖಲಾದ ಕಾರಿಗೆ ಕಪ್ಪು ಪ್ಲೇಟ್ ಹಾಕಿಕೊಳ್ಳುವ ಅವಕಾಶವಿದೆ. ಆ ಕಾರುಗಳ ಚಿತ್ರ ನೋಡಿ ನಮ್ಮವರೂ ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ ಅಂಥದ್ದೇ ಮಾಡಿಸಿಕೊಂಡು ಬರುತ್ತಾರೆ. ಸಾಮಾನ್ಯ ನೋಂದಣಿಯಲ್ಲಿ ಓಡುವ ಕಾರಿಗೆ, ಅದು ಎಷ್ಟೇ ಹಳೆಯದಾಗಿರಲಿ, ನಮ್ಮ ನಿಯಮಗಳಲ್ಲಿ ಈ ರಿಯಾಯಿತಿ ಇಲ್ಲ.

ಕನ್ನಡ ಅಂಕಿಗಳ ಪ್ಲೇಟಿನ ಮಾತೂ ಅಷ್ಟೇ. ನನಗೂ ಇಷ್ಟ, ೭ ಮತ್ತು ೯ರ ತಿರುವು ತಗಡಿನ ಮೇಲೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದು ಬರೆಸಿದವರಿಗೇ ಗೊತ್ತು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷಿನವು, ಅಂಕಿಗಳು 1, 2, 3 ಎಂದು ಬರೆಯುವವು. ಅದರ ಬದಲಿಗೆ ಕನ್ನಡದ್ದೊಂದನ್ನೇ ಹಾಕಿಕೊಂಡು ಹೊರಟರೆ ಪೊಲೀಸರು ಕನ್ನಡಿಗರೇ ಆದರೂ ನಿಲ್ಲಿಸುತ್ತಾರೆ.

ಕರ್ನಾಟಕದಲ್ಲಿ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿ, 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಕಡ್ಡಾಯ ಎಂದಿತು. ಆ ವರ್ಷದ ನವೆಂಬರ್ 17 ಮೊದಲ ಗಡುವು. ಅದು ಎಷ್ಟೋ ಸಲ ಮುಂದಕ್ಕೆ ಹೋಯಿತು. ಗಡುವು ಮುಂದೆ ಹೋದಾಗಲೆಲ್ಲ 'ನಮ್ಮಂಥ ಹಳೆಯ ಗಾಡಿಗೆ ಯಾರು ಕೇಳುತ್ತಾರೆ' ಎಂದು ಸುಮ್ಮನಿದ್ದವರು ಬಹಳ. 1989ಕ್ಕಿಂತ ಹಿಂದಿನ, ಕೆಎ ಅಲ್ಲದೆ ಎಂವೈ ಅಥವಾ ಸಿಎ ಎಂದು ಆರಂಭವಾಗುವ ನಂಬರಿನ ಕಾರನ್ನು ಟ್ರಾಫಿಕ್ ಪೊಲೀಸರು ಕುತೂಹಲಕ್ಕಾದರೂ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಪ್ಲೇಟನ್ನೂ ನೋಡುತ್ತಾರೆ.

ಇನ್ನೊಂದು ದಾರಿ ವಿಂಟೇಜ್ ನೋಂದಣಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮ ಇದು. ಮೊದಲ ನೋಂದಣಿಯಿಂದ 50 ವರ್ಷ ತುಂಬಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುವ ಪ್ರತ್ಯೇಕ ಸರಣಿಯ ನಂಬರ್ ಸಿಗುತ್ತದೆ. ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಕೇಳಲು ಸೊಗಸು. ಆದರೆ ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಬಿಟ್ಟರೆ ದಿನನಿತ್ಯಕ್ಕೆ ಓಡಿಸುವಂತಿಲ್ಲ. ನಾನು ಭಾನುವಾರ ಬೆಳಿಗ್ಗೆ ಮಲ್ಲೇಶ್ವರಕ್ಕೆ ತರಕಾರಿ ತರಲು ಹೋಗುವವನು. ನನಗೆ ಅದು ಬೇಡವಾಯಿತು. ಶೆಡ್ಡಿನಿಂದ ವರ್ಷಕ್ಕೊಮ್ಮೆ ಹೊರಡುವ ಗಾಡಿಯವರು ಯೋಚಿಸಬಹುದು.

ಕಾಗದಪತ್ರ

ಪ್ಲೇಟ್ ಬುಕ್ ಮಾಡುವುದು ಆನ್‌ಲೈನಿನಲ್ಲಿ, ಸಾರಿಗೆ ಇಲಾಖೆಯ ಜಾಲತಾಣದ ಮೂಲಕ. ಅಲ್ಲಿ ನೀವು ತುಂಬುವ ಚಾಸಿ ನಂಬರ್, ಎಂಜಿನ್ ನಂಬರ್ 'ವಾಹನ್' ಎಂಬ ಸರ್ಕಾರಿ ಕಂಪ್ಯೂಟರ್ ದಾಖಲೆಗೆ ತಾಳೆಯಾಗಬೇಕು. ಪುಸ್ತಕದ ರೂಪದ ಹಳೆಯ ಆರ್‌ಸಿ ಇರುವವರ ಗಾಡಿ ಎಷ್ಟೋ ಸಲ ಕಂಪ್ಯೂಟರಿನಲ್ಲೇ ಇರುವುದಿಲ್ಲ. ಆಗ ಮೂಲ ನೋಂದಣಿಯ ಆರ್‌ಟಿಒ ಕಚೇರಿಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿಕೊಳ್ಳಬೇಕು. ಹೋಗುವ ಮುನ್ನ ಚಾಸಿಯ ಮೇಲೆ ಕೊರೆದ ಅಂಕಿಗಳನ್ನು ತೊಳೆದು, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಪೇಂಟಿನಡಿ ಮುಚ್ಚಿಹೋಗಿದ್ದರೆ ಥಿನ್ನರಿನಲ್ಲಿ ಒರೆಸಿ. ಮರಳು ಕಾಗದ ಮುಟ್ಟಿಸಬೇಡಿ, ಅಂಕಿ ಅಳಿಸಿದರೆ ದೊಡ್ಡ ರಗಳೆ. ಹಿಂದಿನ ಮಾಲೀಕರು ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಬರೆಸದೇ ಬಿಟ್ಟಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರುಗಳಲ್ಲಿ ಇದು ಸಾಮಾನ್ಯ.

ರಟ್ಟಿನ ಪ್ಲೇಟ್

ಕಾರಿಗೆ ಎರಡು ಅಳತೆಗಳಿವೆ: 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರದ ಒಂದೇ ಸಾಲಿನದು, 340 ಮಿ.ಮೀ. ಉದ್ದ, 200 ಮಿ.ಮೀ. ಎತ್ತರದ ಎರಡು ಸಾಲಿನದು. ಅಕ್ಷರದ ಎತ್ತರ 65 ಮಿ.ಮೀ., ಗೆರೆಯ ದಪ್ಪ 10, ನಡುವಿನ ಅಂತರ 10. ಇದಕ್ಕೆ ಹೊರತಾದದ್ದಿಲ್ಲ. ಪ್ಲೇಟನ್ನು ಕತ್ತರಿಸುವುದು, ಅಂಚು ಮಡಚುವುದು, ಬಂಪರಿನ ಬಾಗಿಗೆ ತಕ್ಕಂತೆ ಬಗ್ಗಿಸುವುದು ಯಾವುದೂ ಬೇಡ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅದು. ಬಗ್ಗಿಸಿದರೆ ಉಬ್ಬಿದ ಅಕ್ಷರಗಳ ಮೇಲಿನ ಕಪ್ಪು ಹಾಳೆ ಬಿರಿಯುತ್ತದೆ.

ಹಳೆಯ ಟಿವಿ ಪೆಟ್ಟಿಗೆಯ ರಟ್ಟಿನಲ್ಲಿ ಎರಡೂ ಅಳತೆಗಳನ್ನು ಕತ್ತರಿಸಿಕೊಳ್ಳಿ. ಪೇಂಟಿಗೆ ಅಂಟು ಉಳಿಯದ ಮಾಸ್ಕಿಂಗ್ ಟೇಪಿನಲ್ಲಿ ಮುಂದೆ, ಹಿಂದೆ ಅಂಟಿಸಿ ನೋಡಿ. ನೋಡುವುದೆಂದರೆ ದೂರ ನಿಂತು ಚಂದ ನೋಡುವುದಲ್ಲ. ಡಿಕ್ಕಿ ಪೂರ್ತಿ ಎತ್ತಿ ಇಳಿಸಿ. ರಟ್ಟಿನ ಕೆಳ ಅಂಚು ಬಂಪರಿಗೆ ತಾಗುತ್ತದೆಯೇ? ಡಿಕ್ಕಿಯ ಹಿಡಿಕೆಗೆ ಬೆರಳು ಹೋಗುತ್ತದೆಯೇ? ನಂಬರ್ ಪ್ಲೇಟಿನ ದೀಪ ಎರಡನೆಯ ಸಾಲಿಗೂ ಬೆಳಕು ಬೀಳಿಸುತ್ತದೆಯೇ?

ಮುಂದಿನದು ಇನ್ನೂ ತರಲೆ. ನನ್ನ ಫಿಯೆಟ್‌ನಂಥ ಗಾಡಿಗಳಿಗೆ, ಹಳೆಯ ಅಂಬಾಸಿಡರುಗಳಿಗೆ ಮುಂಭಾಗದಲ್ಲಿ ಕ್ರ್ಯಾಂಕ್ ಹ್ಯಾಂಡಲ್ ತೂರಿಸುವ ಕಂಡಿ ಇರುತ್ತದೆ. ಬ್ಯಾಟರಿ ಕೈಕೊಟ್ಟ ದಿನ ಅದರ ಬೆಲೆ ಗೊತ್ತಾಗುತ್ತದೆ. ಪ್ಲೇಟ್ ಅದನ್ನು ಮುಚ್ಚಬಾರದು. 200 ಮಿ.ಮೀ. ಎತ್ತರದ ಪ್ಲೇಟನ್ನು ಗ್ರಿಲ್ಲಿನ ಎದುರು ನಿಲ್ಲಿಸಿದರೆ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡಿ. ಏಪ್ರಿಲ್ ತಿಂಗಳ ಸಿಗ್ನಲ್ಲಿನಲ್ಲಿ ಮೊದಲೇ ಕುದಿಯುವ ಗಾಡಿ ಅದು. ಬಂಪರಿನ ಕೆಳಗೆ ಇಳಿಬಿಟ್ಟರೆ ನಮ್ಮ ರಸ್ತೆಯ ಹಂಪುಗಳಿಗೆ ಉಜ್ಜುತ್ತದೆ. ಆದ್ದರಿಂದ ಮುಂದೆ ಉದ್ದನೆಯ ಒಂದು ಸಾಲಿನದು, ಹಿಂದೆ ಎರಡು ಸಾಲಿನದು ಎಂಬುದೇ ಹೆಚ್ಚಿನ ಹಳೆಯ ಕಾರುಗಳಿಗೆ ಸರಿ. ಮೂರಕ್ಷರ, ನಾಲ್ಕಂಕಿಯ ಹಳೆಯ ನಂಬರುಗಳು ಎರಡು ಸಾಲಿನಲ್ಲಿ ಬಹಳ ಮುದ್ದಾಗಿ ಕೂರುತ್ತವೆ; ಇದು ಕೆಎ ನಂಬರಿನವರಿಗೆ ಇಲ್ಲದ ಸುಖ. ಯಾವ ಅಳತೆ ಬರುತ್ತದೆಂದು ಪ್ಲೇಟ್ ತಯಾರಾಗುವ ಮುನ್ನವೇ ಕೇಳಿ ತಿಳಿದುಕೊಳ್ಳಿ. ಬಂದ ಮೇಲೆ ವಾದ ಮಾಡುವುದು ವ್ಯರ್ಥ.

ಹಿಂಬದಿ ತಗಡು

ಕೆಲಸದ ತಿರುಳು ಇರುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಎಚ್‌ಎಸ್‌ಆರ್‌ಪಿಯನ್ನು ಹಿಡಿಯುವುದು ಸ್ನ್ಯಾಪ್ ಲಾಕ್. ಒಂದು ಸಲ ಒತ್ತಿ ಕೂರಿಸಿದರೆ ಒಡೆಯದೆ ಬರುವುದಿಲ್ಲ. ಕದ್ದ ಪ್ಲೇಟ್ ಇನ್ನೊಂದು ಗಾಡಿಗೆ ಹೋಗಬಾರದೆಂದೇ ಆ ವ್ಯವಸ್ಥೆ. ಈ ಲಾಕನ್ನು ನೇರ ಡಿಕ್ಕಿಯ ಬಾಗಿಲಿಗೇ ಹೊಡೆದರೆ ಎರಡು ತೊಂದರೆ. ಮುಂದೆ ಎಂದಾದರೂ ಡಿಕ್ಕಿಗೆ ಬಣ್ಣ ಹೊಡೆಸಬೇಕಾದರೆ ಪ್ಲೇಟ್ ಒಡೆಯಬೇಕು, ಮತ್ತೆ ಹೊಸದಕ್ಕೆ ಅರ್ಜಿ ಹಾಕಬೇಕು. ಜೊತೆಗೆ ಹೊಸ ತೂತಿನಿಂದ ನೀರು ಒಳಗೆ ಇಳಿದು ಸ್ಟೆಪ್ನಿ ಇಡುವ ಜಾಗದಲ್ಲಿ ನಿಲ್ಲುತ್ತದೆ. ಹಳೆಯ ಕಾರಿನ ತಳ ಸಾಯುವುದು ಅಲ್ಲಿಂದಲೇ.

ನಡುವೆ ತಗಡಿದ್ದರೆ ಲಾಕ್ ಪ್ಲೇಟನ್ನೂ ತಗಡನ್ನೂ ಸೇರಿಸಿ ಒಂದು ಮಾಡುತ್ತದೆ. ಆ ತಗಡು ಕಾರಿಗೆ ಕೂರುವುದು ಹಳೆಯ ತೂತುಗಳ ಮೂಲಕ, ಡಿಕ್ಕಿಯ ಒಳಗಿಂದ ಬಿಗಿಯುವ ನಟ್ಟುಗಳಿಂದ. ಡಿಕ್ಕಿಗೆ ಬೀಗ ಬಿದ್ದಿರುವವರೆಗೆ ಹೊರಗಿನವರಿಗೆ ಬಿಚ್ಚಲಾಗದು. ಬಣ್ಣ ಹೊಡೆಸುವ ದಿನ ಬೀಗ ತೆಗೆದು ನಟ್ಟು ಬಿಚ್ಚಿದರೆ ಪ್ಲೇಟ್, ತಗಡು ಎರಡೂ ಒಟ್ಟಿಗೆ ಕೈಗೆ ಬರುತ್ತವೆ. ಲಾಕ್ ಹಾಗೆಯೇ ಇರುತ್ತದೆ.

ತಗಡಿಗೆ 16 ಗೇಜಿನ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಶೀಟ್ ಸಾಕು, ಅಂದರೆ 1.6 ಮಿ.ಮೀ. ದಪ್ಪ. ಅಳತೆಯನ್ನು ಪ್ಲೇಟಿಗಿಂತ ನಾಲ್ಕು ಮಿ.ಮೀ. ಕಡಿಮೆ ಇಡಿ. ಹಿಂದಿನದಕ್ಕೆ 336ಕ್ಕೆ 196. ಎಲ್ಲ ಕಡೆ ಎರಡೆರಡು ಮಿ.ಮೀ. ಒಳಗೆ ಉಳಿಯುವುದರಿಂದ ಎದುರಿನಿಂದ ನೋಡುವವರಿಗೆ ತಗಡು ಕಾಣುವುದೇ ಇಲ್ಲ. ಮೂಲೆಗಳನ್ನು ಅರದಿಂದ ಉರುಟು ಮಾಡಿ, ಪ್ಲೇಟಿನ ಮೂಲೆಯೂ ಉರುಟೇ ಇರುತ್ತದೆ.

ಹಳೆಯ ತೂತುಗಳ ಅಂತರವನ್ನು ಟೇಪಿನಲ್ಲಿ ಅಳೆಯಬೇಡಿ. ರಟ್ಟನ್ನು ಡಿಕ್ಕಿಗೆ ಒತ್ತಿ ಹಿಡಿದು, ಒಳಗಿಂದ ಪೆನ್ಸಿಲ್ ತೂರಿಸಿ ಗುರುತು ಹಾಕಿ. ಆ ಗುರುತನ್ನು ತಗಡಿಗೆ ಇಳಿಸಿ, ಸೆಂಟರ್ ಪಂಚಿನಿಂದ ಚುಕ್ಕೆ ಗುದ್ದಿ 6 ಮಿ.ಮೀ. ತೂತು ಕೊರೆಯಿರಿ. ಇಲ್ಲಿಗೆ ಬೋಲ್ಟು ಹಾಕಬೇಕು, ಆದರೆ ಬೋಲ್ಟಿನ ತಲೆ ತಗಡಿನಿಂದ ಉಬ್ಬಿ ನಿಂತರೆ ಅದರ ಮೇಲೆ ಪ್ಲೇಟ್ ಸಮವಾಗಿ ಕೂರದು. 1.6 ಮಿ.ಮೀ. ತಗಡಿನಲ್ಲಿ ತಲೆಯನ್ನು ಹೂಳುವಷ್ಟು ದಪ್ಪವೂ ಇಲ್ಲ. ಪರಿಹಾರ ಹೀಗೆ: ಬೋಲ್ಟಿನ ತಲೆ ಕತ್ತರಿಸಿ, ದಂಡವನ್ನು ತೂತಿಗೆ ತೂರಿಸಿ ಮುಂಬದಿಯಿಂದ ಬೆಸುಗೆ ಹಾಕಿಸಿ, ಉಬ್ಬನ್ನು ಗ್ರೈಂಡರಿನಲ್ಲಿ ತಗಡಿನ ಮಟ್ಟಕ್ಕೆ ತನ್ನಿ. ಪೀಣ್ಯದ ಯಾವ ಫ್ಯಾಬ್ರಿಕೇಷನ್ ಅಂಗಡಿಯವರಾದರೂ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುವ ಕೆಲಸ. ದಂಡ ತಗಡಿಗೆ ನೇರವಾಗಿ ನಿಂತಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ ಆಮೇಲೆ ಹಣ ಕೊಡಿ. ಒಂದು ದಂಡ ವಾಲಿದ್ದರೂ ಎರಡೂ ಏಕಕಾಲಕ್ಕೆ ಹಳೆಯ ತೂತಿಗೆ ಇಳಿಯುವುದಿಲ್ಲ, ಇಳಿಸಲು ಹೋಗಿ ಪೇಂಟ್ ಕೀಳುತ್ತದೆ.

ಡಿಕ್ಕಿಯ ಬಾಗಿಲು ಚಪ್ಪಟೆ ಅಲ್ಲ, ಮಧ್ಯದಲ್ಲಿ ಉಬ್ಬಿದೆ. ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟರೆ ನಡುವೆ ತಾಗುತ್ತದೆ, ತುದಿಗಳಲ್ಲಿ ಸಂದು ಉಳಿಯುತ್ತದೆ. ಜೊತೆಗೆ ಸ್ನ್ಯಾಪ್ ಲಾಕಿನ ಬಾಲ ತಗಡಿನ ಹಿಂದೆ ಚಾಚುತ್ತದೆ, ಅದು ಪೇಂಟಿಗೆ ತಾಗಬಾರದು. ಆದ್ದರಿಂದ ತಗಡಿಗೂ ಡಿಕ್ಕಿಗೂ ನಡುವೆ ಪ್ರತಿ ದಂಡಕ್ಕೆ ಒಂದು ನೈಲಾನ್ ಬುಷ್, ಅಂದರೆ ದಂಡ ತೂರುವ ಗಿಡ್ಡ ಕೊಳವೆ. ನಾನು 12 ಮಿ.ಮೀ. ಇಟ್ಟು, ಅದರ ಮೇಲೆ ಆ ಜಾಗದ ಸಂದನ್ನು ಕೂಡಿಸಿಕೊಂಡೆ. ನಿಮಗೆ ಸಿಗುವ ಲಾಕಿನ ಬಾಲ ಅಳೆದು ಇದನ್ನು ತೀರ್ಮಾನಿಸಿ. ನಾಲ್ಕು ಮೂಲೆಗಳಿಗೆ ಗಟ್ಟಿ ರಬ್ಬರಿನ ಗುಂಡಿಗಳನ್ನು ಅಂಟಿಸಿದರೆ ಡಿಕ್ಕಿ ಹಾಕುವಾಗ ತಗಡು ಗಡಗಡ ಎನ್ನುವುದಿಲ್ಲ. ಕಪ್ಪು ರಬ್ಬರ್ ತಿಳಿ ಬಣ್ಣದ ಪೇಂಟಿಗೆ ಕಲೆ ಬಿಡುತ್ತದೆ. ಗುಂಡಿ ತಾಗುವಲ್ಲಿ ಪಾರದರ್ಶಕ ಫಿಲ್ಮಿನ ತುಂಡು ಅಂಟಿಸಿ.

ಲಾಕಿನ ತೂತುಗಳನ್ನು ಈಗಲೇ ಕೊರೆಯಬೇಡಿ. ಪ್ಲೇಟ್ ಕೈಗೆ ಬಂದ ಮೇಲೆ ಅದನ್ನೇ ತಗಡಿನ ಮೇಲಿಟ್ಟು ಗುರುತು ಹಾಕಬೇಕು. ಅಷ್ಟರಲ್ಲಿ ಪೌಡರ್ ಕೋಟಿಂಗ್ ಮಾಡಿಸಿಟ್ಟುಕೊಳ್ಳಿ, ಹೊಳಪಿಲ್ಲದ ಕಪ್ಪು. ಅದು ದುಬಾರಿ ಎನಿಸಿದರೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಮೇಲೆ ಕಪ್ಪು ಪೇಂಟ್.

ಹಳೆಯ ಬೋಲ್ಟುಗಳ ಬಗ್ಗೆ ಒಂದು ಎಚ್ಚರಿಕೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಸಿಂಪಡಿಸಿ ಬಿಡಿ. ಬೆಳಿಗ್ಗೆ ಬಿಗಿಸುವ ಕಡೆಗೆ ಒಂದು ಚೂರು, ಆಮೇಲೆ ಬಿಚ್ಚುವ ಕಡೆಗೆ. ಆಗಲೂ ಬಾರದಿದ್ದರೆ ನಟ್ಟನ್ನು ಕತ್ತರಿಸಿ, ತೂತನ್ನು ಹಿಗ್ಗಿಸಬೇಡಿ. ಹೊಸ ಬೋಲ್ಟ್ ತರುವಾಗ ಎಳೆ (ಥ್ರೆಡ್) ನೋಡಿ ತನ್ನಿ. ಫಿಯೆಟ್ ಇಟಲಿಯ ಮೂಲದ್ದು, ಮೆಟ್ರಿಕ್. ಅಂಬಾಸಿಡರ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಬ್ರಿಟಿಷ್ ಮೂಲದವು, ಅವುಗಳಲ್ಲಿ ಇಂಚಿನ ಅಳತೆಯ ಯುಎನ್‌ಎಫ್ ಎಳೆ. ಕಾಲಿಂಚಿನ ಯುಎನ್‌ಎಫ್ ನಟ್ಟಿಗೆ ಎಂ6 ಬೋಲ್ಟ್ ಸಲೀಸಾಗಿ ಹೋಗುತ್ತದೆ. ಮೋಸ ಇರುವುದು ಅಲ್ಲಿಯೇ. ಕಾಲಿಂಚು ಎಂದರೆ 6.35 ಮಿ.ಮೀ., ಎಂ6 ಎಂದರೆ 6. ಬಿಗಿದಂತೆ ಅನ್ನಿಸಿದ ಮರುಕ್ಷಣ ಎಳೆ ಕಿತ್ತು ಸುಮ್ಮನೆ ತಿರುಗುತ್ತದೆ. ಡಿಕ್ಕಿಗೆ ಬೆಸೆದ ನಟ್ಟು ಹೀಗೆ ಹಾಳಾದರೆ ಅದನ್ನು ಸರಿಮಾಡುವುದು ದಿನವಿಡೀ ಹಿಡಿಯುವ ಕೆಲಸ. ಹೊಸ ಬೋಲ್ಟನ್ನು ಮೊದಲು ಹಳೆಯ ಬೋಲ್ಟಿನ ಪಕ್ಕ ಹಿಡಿದು, ಎಳೆಗೆ ಎಳೆ ಕೂರುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಮುಂದಿನ ಬಂಪರ್

ಬಂಪರನ್ನು ಚಾಸಿಗೆ ಹಿಡಿಸುವ ಬೋಲ್ಟುಗಳು ಹಿಂಬದಿಯಲ್ಲಿ ಇದ್ದೇ ಇರುತ್ತವೆ. ನಮ್ಮ ಬ್ರಾಕೆಟ್ ಅವುಗಳಿಂದಲೇ ಇಳಿಯಬೇಕು. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ ಕಬ್ಬಿಣದ ಎರಡು ತೋಳು ಮಾಡಿಸಿ. ಮೇಲಿನ ತುದಿ ಬಂಪರ್ ಬೋಲ್ಟಿಗೆ, ಕೆಳಗಿನದು ಬಂಪರಿನ ಅಂಚಿನಡಿಯಿಂದ ಮುಂದೆ ಬಂದು ತಗಡಿಗೆ. ತೂತಿನ ಬದಲು ಉದ್ದನೆಯ ಸೀಳು ಕೊಡಿಸಿದರೆ ಪ್ಲೇಟನ್ನು ಸಮಮಟ್ಟಕ್ಕೆ ತರಲು ಅನುಕೂಲ. ಬಂಪರ್ ನೆಟ್ಟಗಿದೆ ಎಂದು ನಂಬಿ ಅದಕ್ಕೆ ಸಮನಾಗಿ ಹಿಡಿಸಬೇಡಿ. ಐವತ್ತು ವರ್ಷ ಓಡಿದ ಗಾಡಿಯ ಬಂಪರ್ ಒಂದು ಕಡೆ ಇಳಿದಿರುತ್ತದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ತುದಿಯಿಂದ ನೆಲಕ್ಕೆ ಅಳೆಯಿರಿ. ಕೊನೆಗೆ ಹತ್ತು ಹೆಜ್ಜೆ ದೂರ ನಿಂತು ಕಣ್ಣಿಗೆ ಏನು ಸರಿ ಅನ್ನಿಸುತ್ತದೆಯೋ ಅದಕ್ಕೆ ಒಂದೆರಡು ಮಿಲಿಮೀಟರ್ ಬಿಟ್ಟುಕೊಡಿ. ಟೂಲ್ ರೂಮಿನಲ್ಲಿ ಈ ಮಾತು ಆಡಿದ್ದರೆ ಮೇಸ್ತ್ರಿ ಬೈಯುತ್ತಿದ್ದರು.

500 ಮಿ.ಮೀ. ಉದ್ದದ ತೆಳು ತಗಡು ವೇಗದಲ್ಲಿ ಅದುರುತ್ತದೆ. ಮೇಲೂ ಕೆಳಗೂ ಹತ್ತು ಮಿ.ಮೀ. ಅಂಚನ್ನು ಹಿಂದಕ್ಕೆ ಮಡಚಿಸಿದರೆ ಅದುರುವುದು ನಿಲ್ಲುತ್ತದೆ. ಕೆಳಗಿನ ಮಡಿಕೆಯಲ್ಲಿ ನೀರು ನಿಲ್ಲದಂತೆ ಎರಡು ಸಣ್ಣ ರಂಧ್ರ ಬೇಕು. ತೋಳಿನ ಕೆಳ ತುದಿಯ ನಟ್ಟುಗಳು ಹೊರಗಿನವರ ಕೈಗೆ ಸಿಗುವಂತಿವೆ. ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿಬಿಡಿ, ನಟ್ಟು ಹೊರಬರುವುದಿಲ್ಲ.

ಉಕ್ಕು, ಅಲ್ಯೂಮಿನಿಯಂ ನೇರ ತಾಗಿ ನಡುವೆ ಮಳೆನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಪೇಂಟ್ ಪೂರ್ತಿ ಇರುವ ತಗಡು, ಮಧ್ಯೆ ತೆಳು ರಬ್ಬರ್ ಹಾಳೆ ಇದ್ದರೆ ಮಂಗಳೂರಿನಲ್ಲೂ ಬಾಳುತ್ತದೆ.

ಪ್ಲೇಟ್ ಬಂದ ದಿನ

ನಮ್ಮ ಮನೆಗೆ ಬಂದ ಹುಡುಗ ಒಳ್ಳೆಯವನು. ಕಾರನ್ನು ಸುತ್ತುಹಾಕಿ ನೋಡಿ, "ಅಂಕಲ್, ಬಂಪರಿಗೆ ಎರಡು ತೂತು ಹೊಡೆದರೆ ಐದೇ ನಿಮಿಷದ ಕೆಲಸ" ಎಂದ. "ಐದು ನಿಮಿಷ ಕೂತು ಕಾಫಿ ಕುಡಿಯಪ್ಪಾ, ಅಷ್ಟರಲ್ಲಿ ತಗಡು ಬಿಚ್ಚಿ ಕೊಡುತ್ತೇನೆ" ಎಂದೆ. ತಗಡನ್ನು ಕಾರಿನ ಮೇಲಿರುವಾಗಲೇ ಕೊರೆಯಲು ಬಿಡಬೇಡಿ. ಡ್ರಿಲ್ ತಗಡನ್ನು ದಾಟಿದ ಕೂಡಲೇ ಮುಂದಕ್ಕೆ ನುಗ್ಗುತ್ತದೆ, ಹಿಂದೆ 12 ಮಿ.ಮೀ. ದೂರದಲ್ಲಿ ನಿಮ್ಮ ಡಿಕ್ಕಿ ಇದೆ. ಬಿಚ್ಚಿ, ಮರದ ತುಂಡಿನ ಮೇಲಿಟ್ಟು, ಪ್ಲೇಟನ್ನು ಅದರ ಮೇಲೆ ಹೊಂದಿಸಿ ಗುರುತು ಹಾಕಿ, ಪ್ಲೇಟ್ ಪಕ್ಕಕ್ಕಿಟ್ಟು ಕೊರೆಯಿರಿ. ತೂತಿನ ಬರಿ ಅಂಚಿಗೆ ಒಂದು ಹನಿ ಪೇಂಟ್. ತಗಡನ್ನು ಮತ್ತೆ ಕಾರಿಗೆ ಬಿಗಿದ ಮೇಲೆ ಲಾಕ್ ಒತ್ತುವ ಕೆಲಸ ಅವನದು.

ಒತ್ತುವ ಮುನ್ನ ಪ್ಲೇಟನ್ನು ಓದಿ. ನಂಬರ್ ಸರಿಯೇ, ಎಡಗಡೆ ನೀಲಿ ಬಣ್ಣದಲ್ಲಿ ಐಎನ್‌ಡಿ ಇದೆಯೇ, ಮೇಲೆ ಅಶೋಕ ಚಕ್ರದ ಹಾಲೊಗ್ರಾಮ್ ಇದೆಯೇ, ಲೇಸರಿನಲ್ಲಿ ಕೊರೆದ ಕ್ರಮಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ಹಳೆಯ ಮೂರಕ್ಷರದ ನಂಬರುಗಳನ್ನು ಟೈಪ್ ಮಾಡುವವರು ಅಭ್ಯಾಸಬಲದಿಂದ ತಪ್ಪುವುದುಂಟು. ಲಾಕ್ ಬಿದ್ದ ಮೇಲೆ ತಪ್ಪು ಕಂಡರೆ ಪ್ಲೇಟ್ ಒಡೆಯುವುದೊಂದೇ ದಾರಿ.

ಆಮೇಲೆ ದೀಪ. ಇಲ್ಲಿ ಹಳೆಯ ಕಾರಿನವರು ತಲೆ ಕೆರೆದುಕೊಳ್ಳುವ ಪ್ರಸಂಗವೊಂದಿದೆ. ನಿನ್ನೆಯವರೆಗೆ ಉರಿಯುತ್ತಿದ್ದ ನಂಬರ್ ಪ್ಲೇಟಿನ ದೀಪ ಇಂದು ಉರಿಯುವುದಿಲ್ಲ. ಬಲ್ಬ್ ಸರಿ, ಫ್ಯೂಸ್ ಸರಿ. ವಿಷಯ ಇಷ್ಟೇ: ಹಳೆಯ ಗಾಡಿಗಳಲ್ಲಿ ದೀಪಕ್ಕೆ ಹೋಗುವುದು ಒಂದೇ ತಂತಿ, ಇನ್ನೊಂದರ ಕೆಲಸವನ್ನು ಕಾರಿನ ಮೈ ಮಾಡುತ್ತದೆ. ದೀಪ ಕೂರುವ ಬ್ರಾಕೆಟ್ಟಿಗೆ ನಾವು ನೈಲಾನ್ ಬುಷ್, ರಬ್ಬರ್, ಪೌಡರ್ ಕೋಟಿಂಗ್ ಎಲ್ಲ ಹಾಕಿ ಆ ದಾರಿಯನ್ನು ಮುಚ್ಚಿರುತ್ತೇವೆ. ದೀಪದ ಲೋಹಕ್ಕೆ ಒಂದು ಕಪ್ಪು ತಂತಿ ಬಿಗಿದು, ಇನ್ನೊಂದು ತುದಿಯನ್ನು ಡಿಕ್ಕಿಯ ಒಳಗೆ ಪೇಂಟ್ ಕೆರೆದ ಜಾಗಕ್ಕೆ ಸ್ಕ್ರೂ ಮಾಡಿ. ಬೆಳಕು ಬಿಳಿಯದೇ ಆಗಿರಬೇಕು, ರಾತ್ರಿ 15 ಮೀಟರ್ ಹಿಂದಿನಿಂದ ನಂಬರ್ ಓದಲು ಬರಬೇಕು. ಅರಿಶಿನಗಟ್ಟಿದ ಹಳೆಯ ಗಾಜಾದರೆ ಸೋಪಿನ ನೀರಿನಲ್ಲಿ ನೆನೆಸಿಟ್ಟು ತೊಳೆಯಿರಿ. ಹೋಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ.

ಪ್ಲೇಟಿನೊಂದಿಗೆ ಗಾಜಿಗೆ ಅಂಟಿಸುವ ಮೂರನೆಯ ನೋಂದಣಿ ಸ್ಟಿಕ್ಕರ್ ಬರುತ್ತದೆ, 100ಕ್ಕೆ 60 ಮಿ.ಮೀ. ಮುಂದಿನ ಗಾಜಿನ ಒಳಬದಿ, ಎಡಗಡೆ ಮೇಲ್ಮೂಲೆ ಅದರ ಜಾಗ. ಪೆಟ್ರೋಲ್ ಗಾಡಿಗೆ ತಿಳಿ ನೀಲಿ, ಡೀಸೆಲ್ಲಿಗೆ ಕಿತ್ತಳೆ. ಕೀಳಲು ಹೋದರೆ ಹರಿದುಹೋಗುವಂತೆ ಮಾಡಿರುತ್ತಾರೆ. ಗಾಜಿನ ಸುತ್ತಲಿನ ರಬ್ಬರ್ ಒಣಗಿ ಬಿರಿದಿದ್ದರೆ ಅದನ್ನು ಮೊದಲು ಬದಲಿಸಿ, ಸ್ಟಿಕ್ಕರ್ ಆಮೇಲೆ. ರಬ್ಬರ್ ಹಾಕುವಾಗ ಹಳೆಯ ಗಾಜು ಒಡೆಯುವ ಸಂಭವ ಬಹಳ.

ಇಷ್ಟಾದ ಮೇಲೆ ಹಳೆಯ ಕಪ್ಪು ಪ್ಲೇಟನ್ನು ಬಿಸಾಡಬೇಡಿ, ಅದರ ಮೇಲೆ ಹೊಸ ಬಣ್ಣವನ್ನೂ ಬಳಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂಬದಿಯ ತುಕ್ಕಿಗೆ ಮಾತ್ರ ಪ್ರೈಮರ್ ಕೊಡಿ. ಪ್ರದರ್ಶನದ ಮೈದಾನದಲ್ಲಿ ಗಾಡಿ ನಿಂತಿರುವಾಗ ಮುಂದೆ ಒರಗಿಸಿಡಲು ಅದು ಬೇಕು. ಹಳೆಯ ಪ್ಲೇಟುಗಳು ಕಾರಿನ ಯಾವ ಜಾಗದಲ್ಲಿ ಕೂರುತ್ತಿದ್ದವು, ಅಕ್ಷರದ ಓರಣ ಹೇಗಿತ್ತು ಎಂದು ನೋಡುವ ಮನಸ್ಸಿದ್ದರೆ ಧರ್ಮಸ್ಥಳದ ಕಾರ್ ಮ್ಯೂಸಿಯಂ ಒಳ್ಳೆಯ ಜಾಗ. ಅಲ್ಲಿ ಕಾರಿಗಿಂತ ಪ್ಲೇಟನ್ನೇ ಬಗ್ಗಿ ನೋಡುವ ಮುದುಕ ಕಂಡರೆ ಅದು ನಾನಿರಬಹುದು.

ಒಂದು ವಾರ ಓಡಿಸಿದ ಮೇಲೆ ಡಿಕ್ಕಿಯೊಳಗಿನ ನಟ್ಟುಗಳನ್ನೂ ಬಂಪರಿನ ತೋಳುಗಳನ್ನೂ ಇನ್ನೊಮ್ಮೆ ಬಿಗಿಯಿರಿ, ರಬ್ಬರ್ ಒತ್ತಿಕೊಂಡು ಸಡಿಲವಾಗಿರುತ್ತದೆ. ಮೊದಲ ಜೋರು ಮಳೆಯ ನಂತರ ಸ್ಟೆಪ್ನಿ ಎತ್ತಿ ಕೆಳಗೆ ಕೈಯಾಡಿಸಿ. ಒದ್ದೆ ಇದ್ದರೆ ಹಳೆಯ ತೂತಿನ ಸುತ್ತ ಒಂದು ರಬ್ಬರ್ ವಾಷರ್ ಕಡಿಮೆಯಾಗಿದೆ ಎಂದರ್ಥ. ಜೆ.ಸಿ. ರಸ್ತೆಯಲ್ಲಿ ಹತ್ತು ರೂಪಾಯಿಗೆ ಹಿಡಿ ತುಂಬ ಸಿಗುತ್ತವೆ.